ಕಪ್ಪು ಬಿಟ್ಟ ವರ್ಷ

ತಲೆಗೆ ಕಪ್ಪು ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಎರಡು ಶನಿವಾರ ಕಳೆಯುವಷ್ಟರಲ್ಲಿ ಬೈತಲೆಯ ಎರಡೂ ಬದಿಗೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಕಾಣಿಸಿಕೊಂಡಿತು. ಮೂರನೆಯ ಶನಿವಾರ ನೀರಿಗೆ ಹೋದಾಗ ಬಾವಿಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ಮಾತು ನಿಲ್ಲಿಸಿದರು. ಒಬ್ಬಳ ಕೈಯಿಂದ ಹಗ್ಗ ಜಾರಿ ಕೊಡ ಬಾವಿಯೊಳಗೆ ಬಿತ್ತು. ಅವಳು ಅದನ್ನು ಎತ್ತುವುದನ್ನೂ ಮರೆತು ನನ್ನ ತಲೆಯನ್ನೇ ನೋಡುತ್ತ ನಿಂತಳು.

ನಮ್ಮೂರಿನಲ್ಲಿ ಆಗ ಒಂದೇ ಒಂದು ಬಿಳಿ ತಲೆ ಇರಲಿಲ್ಲ. ಹಲ್ಲು ಬಿದ್ದು, ಬೆನ್ನು ಬಾಗಿ, ಕೋಲಿಲ್ಲದೆ ಏಳಲಾರದ ಮುದುಕರ ತಲೆಗಳೂ ಕಾಗೆಯ ಹಾಗೆ ಮಿರಮಿರ ಮಿನುಗುತ್ತಿದ್ದವು. ಆ ಮಿನುಗು ನನ್ನ ಕೈಯದು. ಮೂವತ್ತೊಂದು ವರ್ಷ ಈ ಊರಿಗೆ ಕಪ್ಪು ಅರೆದವಳು, ಕಲಸಿದವಳು, ಮನೆಮನೆಗೆ ಹೋಗಿ ಹಚ್ಚಿದವಳು ನಾನೇ. ದೇವೀರಮ್ಮ ಬಂದಳು ಎಂದರೆ ಶನಿವಾರ ಬಂತು ಎಂದೇ ಲೆಕ್ಕ. ಯಾರ ತಲೆಯಲ್ಲಿ ಎಷ್ಟು ನರೆ, ಎಲ್ಲಿಂದ ಶುರು, ಎಷ್ಟು ಬೇಗ ಬೆಳೆಯುತ್ತದೆ ಎಲ್ಲ ನನಗೆ ಬಾಯಿಪಾಠವಾಗಿತ್ತು.

ನಮ್ಮೂರಿನ ನರೆಗೆ ಒಂದು ಗುಣವಿದೆ. ನರೆತವರು ಸುಳ್ಳು ಹೇಳಿದರೆ ಹೇಳಿದ ಗಳಿಗೆಯಲ್ಲೇ ಒಂದೆಳೆ ಬುಡದಿಂದ ತುದಿಯವರೆಗೆ ಕಪ್ಪಾಗುತ್ತದೆ. ಸಣ್ಣ ಸುಳ್ಳಿಗೆ ಒಂದೆಳೆ, ದೊಡ್ಡದಕ್ಕೆ ಒಂದು ಹಿಡಿ. ನಾನು ಚಿಕ್ಕವಳಿದ್ದಾಗ ಊರ ತುಂಬ ಬಿಳಿ ತಲೆಗಳಿದ್ದವು, ನಮಗೆ ಅದೊಂದು ತಮಾಷೆ. ನಮ್ಮಜ್ಜಿ ಹೊಸ ಸೊಸೆಯ ಎದುರು ಸಾರು ಚೆನ್ನಾಗಿದೆ ಎಂದು ಹೇಳಿ ಕಿವಿಯ ಮೇಲೊಂದು ಎಳೆ ಕಪ್ಪು ಮಾಡಿಕೊಂಡಿದ್ದಳು. ಅದು ಉದುರುವವರೆಗೂ ಅಜ್ಜಿಗೆ ಆ ಸೊಸೆಯ ಕೈಯಿಂದ ಬಿಸಿ ಊಟ ಸಿಗಲಿಲ್ಲ. ಪಕ್ಕದ ಮನೆಯ ತಾತ ತನ್ನದಲ್ಲದ ಕರುವನ್ನು ತನ್ನದೆಂದು ಹೇಳಿ, ಹಣೆಯ ಮೇಲೆ ಎರಡು ಬೆರಳಗಲ ಕಪ್ಪಾಗಿ, ಆರು ತಿಂಗಳು ಟವೆಲು ಸುತ್ತಿಕೊಂಡು ಓಡಾಡಿದ. ನಾವು ಅವನ ಹಿಂದೆ ‘ಅಂಬಾ’ ಎಂದು ಕೂಗಿಕೊಂಡು ಹೋಗುತ್ತಿದ್ದೆವು. ಮದುವೆಯ ಮಾತುಕತೆಗೆ ಮಾತ್ರ ಬಿಳಿ ತಲೆಯವರನ್ನು ಯಾರೂ ಕರೆದೊಯ್ಯುತ್ತಿರಲಿಲ್ಲ.

ಊರಿನ ನ್ಯಾಯವೆಲ್ಲ ಆ ಬಿಳಿ ತಲೆಗಳ ಮೇಲೆ ನಿಂತಿತ್ತು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕೆರೆ ಏರಿಯ ಕೆಳಗಿನ ಹಾಸುಗಲ್ಲಿನ ಮುಂದೆ ಕೇಳಿಕೆ ನಡೆಯುತ್ತದೆ. ಹಿಂದೆ ನಡೆದುಹೋದದ್ದರ ಬಗ್ಗೆ ಯಾರು ಏನು ಬೇಕಾದರೂ ಕೇಳಬಹುದು. ಉತ್ತರ ಹೇಳುವವರ ತಲೆಯಲ್ಲಿ ಕರಿ ಎಳೆ ಒಂದೂ ಇರಬಾರದು, ಕಿತ್ತ ಗುರುತೂ ಇರಬಾರದು, ಕೂದಲು ಹಿಂದಕ್ಕೆ ಗಂಟು ಹಾಕುವಷ್ಟು ಉದ್ದವಿರಬೇಕು. ಹೇಳುತ್ತಿರುವಾಗ ಒಂದೆಳೆ ಕಪ್ಪಾದರೂ ಹೇಳಿದ್ದೆಲ್ಲ ಬಿದ್ದುಹೋಗುತ್ತದೆ, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ. ಒಂದು ಪ್ರಶ್ನೆಯನ್ನು ಏಳು ವರ್ಷ ತರಬಹುದು. ಏಳನೆಯ ಸಲವೂ ಉತ್ತರ ಸಿಗದಿದ್ದರೆ ಆ ಪ್ರಶ್ನೆ ಸತ್ತಂತೆ, ಮತ್ತೆ ಯಾರೂ ಅದನ್ನು ಎತ್ತುವಂತಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಬಾಚಣಿಗೆ ಕೇರಿಗೆ ಜ್ವರ ಬಂತು. ಕೊಂಬಿನಲ್ಲಿ ಬಾಚಣಿಗೆ ಕೊಯ್ಯುವ ಇಪ್ಪತ್ತಾರು ಮನೆಯವರ ಕೇರಿ ಅದು. ಮೂರು ಕಡೆ ಗೋಡೆ, ಒಂದು ಕಡೆ ದೊಡ್ಡ ಬಾಗಿಲು. ಊರ ಯಜಮಾನ ತೋಪೇಗೌಡ ನನ್ನ ಗಂಡ ಚಿಕ್ಕೀರಯ್ಯನನ್ನು ಕರೆಸಿದ. ನನ್ನ ಗಂಡ ಕಮ್ಮಾರ. ಕೇರಿಯ ಬಾಗಿಲಿಗೆ ಹೊರಗಡೆಯಿಂದ ಅಗುಳಿ ಬಡಿದು, ಬೀಗ ಹಾಕಿ, ಬೀಗದ ಕೈಯನ್ನು ಯಜಮಾನನಿಗೆ ಕೊಟ್ಟು ಬಂದ. ಒಳಗೆ ಬಾವಿ ಇರಲಿಲ್ಲ. ಹತ್ತನೆಯ ದಿನ ಬೀಗ ತೆಗೆದಾಗ ಜ್ವರಕ್ಕೆ ಸತ್ತವರು ಯಾರು, ನೀರಿಲ್ಲದೆ ಸತ್ತವರು ಯಾರು ಎಂದು ನೋಡಲು ಯಾರೂ ಒಳಗೆ ಹೋಗಲಿಲ್ಲ. ಗೋಡೆಗಳನ್ನು ಒಳಕ್ಕೆ ಕೆಡವಿ, ಮೇಲೆ ಕೆರೆಯ ಮಣ್ಣು ಸುರಿದು ಸಮ ಮಾಡಿದರು. ಈಗ ಅಲ್ಲಿ, ಹಾಸುಗಲ್ಲಿನ ಪಕ್ಕದಲ್ಲೇ, ಊರಿನ ಕಣವಿದೆ. ನಾವು ರಾಗಿ ಬಡಿಯುವುದು ಅಲ್ಲೇ.

ಕೇರಿಯವರು ತಾವಾಗಿಯೇ ಎದ್ದು ಹೋದರು. ಕೇಳಿದವರಿಗೆ ಹೇಳಲು ಊರು ಸಿದ್ಧ ಮಾಡಿಕೊಂಡ ಮಾತು ಇಷ್ಟು. ಆ ಮಾತನ್ನು ಮೊದಲು ಆಡಿದ ಮುದುಕನ ತಲೆ ಆಡಿ ಮುಗಿಸುವಷ್ಟರಲ್ಲಿ ಅರ್ಧ ಕಪ್ಪಾಯಿತು, ಎಮ್ಮೆಗೆ ಸುಣ್ಣ ಎರಚಿದ ಹಾಗೆ ತೇಪೆ ತೇಪೆ. ಆ ಶನಿವಾರವೇ ತೋಪೇಗೌಡ ನಮ್ಮ ಕುಲುಮೆಗೆ ಬಂದ. ಕಬ್ಬಿಣದ ಕಿಟ್ಟವನ್ನು ಅಳಲೆಕಾಯಿಯ ಜೊತೆ ಅರೆದರೆ ಬಿಡದ ಕಪ್ಪು ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮುಂದಿನ ವಾರದಿಂದ ಊರಿಗೆ ವಯಸ್ಸಾಗುವುದು ನಿಂತುಹೋಯಿತು. ಕರಿ ತಲೆಯಲ್ಲಿ ಇನ್ನೊಂದೆಳೆ ಕಪ್ಪಾದರೆ ಕಾಣುವುದಾದರೂ ಹೇಗೆ? ಅತ್ತೆಯರು ಸೊಸೆಯರ ಸಾರನ್ನು ಬಾಯ್ತುಂಬ ಹೊಗಳಿದರು. ಗಂಡಂದಿರು ಎಲ್ಲಿಗೆ ಹೋಗಿದ್ದೆವು ಎಂಬುದನ್ನು ಸಲೀಸಾಗಿ ಹೇಳಿದರು. ಸುಳ್ಳು ಹೇಳುವ ಸುಖ ಒಂದು ವರ್ಷದಲ್ಲಿ ಎಲ್ಲರಿಗೂ ರೂಢಿಯಾಗಿ, ಕಪ್ಪು ಯಾಕೆ ಶುರುವಾಯಿತು ಎಂಬುದೇ ಮರೆತ ಹಾಗಾಯಿತು. ಕೇಳಿಕೆಯ ದಿನ ಮಾತ್ರ ಬಿಡದೆ ನಡೆಯುತ್ತಿತ್ತು. ಉತ್ತರ ಹೇಳುವವರಿಲ್ಲ ಎಂದು ಯಜಮಾನ ಮೂರು ಸಲ ಕೂಗುತ್ತಿದ್ದ, ಎಲ್ಲರೂ ಮಂಡಕ್ಕಿ ತಿಂದು ಮನೆಗೆ ಹೋಗುತ್ತಿದ್ದೆವು.

ಅಂಥ ಊರಿಗೆ ಏಳು ವರ್ಷದ ಹಿಂದೆ ಚೆಲುವಿ ಬಂದಳು. ಬಾಚಣಿಗೆ ಕೇರಿಯ ನಿಂಗಾಜಮ್ಮನ ಮಗಳು. ಜ್ವರ ಬಂದ ತಿಂಗಳು ಅವಳಿಗೆ ಏಳು ವರ್ಷ, ಕಿವಿ ಚುಚ್ಚಿಸಲೆಂದು ಬೇರೆ ಊರಿನ ಸೋದರತ್ತೆಯ ಮನೆಗೆ ಹೋಗಿದ್ದಳು. ಹಾಗಾಗಿ ಉಳಿದಳು. ಅತ್ತೆ ಸಾಯುವವರೆಗೂ ಅವಳಿಗೆ ಹೇಳಿದ್ದು ಒಂದೇ, ನಿಮ್ಮವ್ವ ನಿನ್ನನ್ನು ಬಿಟ್ಟು ಕೇರಿಯವರ ಜೊತೆ ಎಲ್ಲೋ ಹೋದಳು ಎಂದು. ಅತ್ತೆಗೂ ಊರು ಹೇಳಿದ್ದು ಅಷ್ಟೇ. ಚೆಲುವಿ ಪ್ರತಿ ವರ್ಷ ಹಾಸುಗಲ್ಲಿನ ಮುಂದೆ ನಿಂತು ಅದನ್ನೇ ಕೇಳುತ್ತಿದ್ದಳು.

“ನಮ್ಮವ್ವ ನಿಂಗಾಜಮ್ಮ. ನನ್ನ ಬಿಟ್ಟು ಎಲ್ಲಿಗೋದ್ಲು? ಯಾಕೋದ್ಲು? ಬಿಳೀ ತಲೆಯೋರು ಯಾರಾದ್ರೂ ಇದ್ರೆ ಹೇಳಿ.”

ಯಜಮಾನ ಮೂರು ಸಲ ಕೂಗುತ್ತಿದ್ದ. ಅವಳು ಎಲ್ಲರ ತಲೆಗಳನ್ನೂ ಒಂದು ಸುತ್ತು ನೋಡಿ ಹೊರಟುಹೋಗುತ್ತಿದ್ದಳು. ಆರು ವರ್ಷ ಹೀಗೆ ನಡೆಯಿತು, ಆರು ವರ್ಷವೂ ನಾನು ಆ ಗುಂಪಿನಲ್ಲಿ ಕರೀ ತಲೆ ಹೊತ್ತು ನಿಂತಿದ್ದೆ.

ಆರನೆಯ ಕೇಳಿಕೆ ಮುಗಿದ ಮಧ್ಯಾಹ್ನ ಅವಳು ನಮ್ಮ ಜಗುಲಿಗೆ ಬಂದು ಕುಡಿಯಲು ನೀರು ಕೇಳಿದಳು. ಅಂದು ಜೊತೆಗೆ ಎಂಟು ವರ್ಷದ ಮಗಳಿದ್ದಳು. ಚೆಲುವಿ ತನ್ನ ಸೆರಗಿನ ತುದಿಯನ್ನು ಮಗುವಿನ ಲಂಗದ ಲಾಡಿಗೆ ಗಂಟು ಹಾಕಿಕೊಂಡಿದ್ದಳು. ಸಡಿಲ ಗಂಟಲ್ಲ. ಉಗುರಿನಿಂದಲೂ ಬಿಚ್ಚಲಾಗದ ಹಾಗೆ ಬಿಗಿದ ಗಂಟು.

“ಯಾಕವ್ವ, ಓಡೋಗ್ತಾಳಾ?” ಎಂದೆ, ನಗೆಮಾತಿಗೆ.

“ಅವ್ಳಲ್ಲ,” ಎಂದಳು ಚೆಲುವಿ. “ನಂಗೆ ನನ್ ಮೇಲೇ ನಂಬ್ಕೆ ಇಲ್ಲ. ನಮ್ಮವ್ವಂಗೆ ಏನಾಯ್ತೋ, ಒಂದಿನ ಎದ್ದು ಹೋದ್ಲಲ್ಲ. ಅದೇ ರಕ್ತ ನಂದೂನೂವೆ. ನಾನೂ ಹಂಗೇ ಹೋಗ್ಬಿಟ್ರೆ? ಅದ್ಕೇ ಕಟ್ಕೊಂಡಿವ್ನಿ. ಸ್ಕೂಲಿಗೂ ಕಳ್ಸಿಲ್ಲ.”

ಮಗು ಸುಮ್ಮನೆ ಕೂತಿತ್ತು. ಓಡಬೇಕೆಂಬುದೇ ಗೊತ್ತಿಲ್ಲದ ಮಗು. ನಾನು ಸ್ಟೀಲು ಲೋಟದಲ್ಲಿ ನೀರು ತಂದೆ. ಅಷ್ಟರಲ್ಲಿ ಚೆಲುವಿ ಮೂಲೆಯಲ್ಲಿದ್ದ ನನ್ನ ಕಪ್ಪು ಕಲಸುವ ಚೊಂಬನ್ನು ಕೈಗೆತ್ತಿಕೊಂಡು ನೋಡುತ್ತಿದ್ದಳು. ಒಳಗೂ ಹೊರಗೂ ವರ್ಷಗಳ ಕಪ್ಪು ಹೆಪ್ಪುಗಟ್ಟಿ ತಾಮ್ರವೆಂದೇ ತಿಳಿಯುತ್ತಿರಲಿಲ್ಲ.

“ಒಳ್ಳೇ ತೂಕ ಐತೆ,” ಎಂದಳು. “ನಮ್ಮವ್ವಂದೂ ಒಂದು ತಾಮ್ರದ್ದು ಇತ್ತಂತೆ. ಹೊಟ್ಟೆ ಮೇಲೆ ಬಾಚಣಿಗೆ ಹಲ್ಲಿನ ಗುರ್ತು ಇತ್ತಂತೆ. ಅತ್ತೆ ಹೇಳೋಳು.”

ಚೊಂಬನ್ನು ಅಲ್ಲೇ ಇಟ್ಟು, ಮಗುವಿಗೆ ಮೊದಲು ಕುಡಿಸಿ, ತಾನೂ ಕುಡಿದು ಹೋದಳು. ಗುರುತು ಕಪ್ಪಿನ ಕೆಳಗಿತ್ತು. ನನಗೆ ಕಣ್ಣು ಮುಚ್ಚಿಕೊಂಡರೂ ಅದು ಎಲ್ಲಿದೆ ಎಂದು ಗೊತ್ತು.

ಇಷ್ಟು ಹೇಳಿದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ಬೀಗ ಹಾಕಿದ ಐದನೆಯ ದಿನ ಗಂಡನಿಗೆ ಬುತ್ತಿ ಕೊಟ್ಟು ಕೇರಿಯ ಬಾಗಿಲ ಮುಂದಿನಿಂದ ಬರುತ್ತಿದ್ದೆ. ಬಾಗಿಲ ಬುಡದಲ್ಲಿ ಬಚ್ಚಲ ನೀರು ಹರಿಯುವ ಒಂದು ಕಂಡಿಯಿತ್ತು. ಅದರಿಂದ ಒಂದು ಕೈ ಚೊಂಬನ್ನು ಹೊರಗೆ ನೂಕಿತು. ಬಗ್ಗಿ ನೋಡಿದರೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದ ನಿಂಗಾಜಮ್ಮ. ಅವಳು ನೀರು ಎಂದಳು. ನಾನು ಚೊಂಬನ್ನು ತೆಗೆದುಕೊಂಡೆ. ಬಾವಿ ನೂರು ಹೆಜ್ಜೆಯೂ ಇರಲಿಲ್ಲ. ನಾನು ಬಾವಿಯ ಕಡೆಗೇ ಹೊರಟೆ, ಆಮೇಲೆ ಮನೆಯ ಕಡೆಗೆ ತಿರುಗಿದೆ. ಜ್ವರದ ಹೆದರಿಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಜ್ವರಕ್ಕೆ ಹೆದರಿದವಳು ಆ ಚೊಂಬನ್ನು ಮುಟ್ಟುತ್ತಿದ್ದಳೇ? ತಾಮ್ರದ ಚೊಂಬು, ನಮ್ಮ ಮನೆಯಲ್ಲಿ ಅಂಥದ್ದೊಂದು ಇರಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ, ತಲೆ ತುಂಬ ಕರೀ ಕೂದಲು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಚೆಲುವಿ ಹೋದ ವಾರ ನಾನು ಎಲ್ಲರ ಮನೆಗೂ ಹೋಗಿ ಕಪ್ಪು ಹಚ್ಚಿದೆ, ನನಗೆ ಹಚ್ಚಿಕೊಳ್ಳಲಿಲ್ಲ. ಇನ್ನೊಂದು ಕೇಳಿಕೆ ಉಳಿದಿತ್ತು, ಹನ್ನೆರಡು ತಿಂಗಳು. ಕೂದಲು ತಿಂಗಳಿಗೆ ಮುಕ್ಕಾಲು ಬೆರಳು ಬೆಳೆಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಟು ನಿಲ್ಲುತ್ತದೆ ಎಂದು ಅಂದಾಜು ಮಾಡಿದೆ, ಸಣ್ಣದಾದರೂ ನಿಲ್ಲುತ್ತದೆ.

ಗೆರೆ ಕಂಡ ಮೇಲೆ ಯಾರೂ ನನ್ನನ್ನು ಮನೆಯೊಳಗೆ ಸೇರಿಸಲಿಲ್ಲ. ಕಪ್ಪು ಕಲಸುವ ಕೆಲಸವನ್ನು ನೆರೆಮನೆಯ ಪುಟ್ಟಲಿಂಗಮ್ಮ ವಹಿಸಿಕೊಂಡಳು. ನನ್ನ ಹಳೆಯ ಗೆಳತಿ, ಕೈಗುಣ ಮಾತ್ರ ಸೊನ್ನೆ. ಅಳಲೆಕಾಯಿ ಹೆಚ್ಚಾಗಿ, ಕಿಟ್ಟ ಕಡಿಮೆಯಾಗಿ, ಎರಡು ತಿಂಗಳು ಊರಿನ ಹಿರಿಯರೆಲ್ಲ ಪಾಚಿ ಹಿಡಿದ ಕಲ್ಲಿನ ಹಾಗೆ ಹಸಿರು ಹಸಿರಾಗಿ ಓಡಾಡಿದರು. ನನಗೆ ನಗು ತಡೆಯಲಾಗಲಿಲ್ಲ. ಆ ವರ್ಷ ನಾನು ನಕ್ಕದ್ದು ಅದೊಂದಕ್ಕೇ.

ಯಾರೂ ನನಗೆ ಹೊಡೆಯಲಿಲ್ಲ, ಬಯ್ಯಲಿಲ್ಲ. ಅದಕ್ಕಿಂತ ಜಾಣ ದಾರಿ ಅವರಿಗೆ ಗೊತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲರಿಗೂ ನನ್ನ ಮೇಲೆ ಅಕ್ಕರೆ ಹುಟ್ಟಿತು. ದಾರಿಯಲ್ಲಿ ಸಿಕ್ಕವರೆಲ್ಲ “ಚೆನ್ನಾಗಿದೀರಾ ದೇವೀರಕ್ಕ?” ಎಂದು ಕೇಳತೊಡಗಿದರು. ಹೂಂ ಎಂದಿದ್ದರೆ ಒಂದೆಳೆ ಕಪ್ಪಾಗುತ್ತಿತ್ತು. ಯಾರದೋ ಸೊಸೆ ತನ್ನ ಕೂಸನ್ನು ನನ್ನ ಮುಖಕ್ಕೆ ಹಿಡಿದು “ಮುದ್ದಾಗೈತಾ ಅಜ್ಜಿ?” ಎಂದಳು. ಕೂಸಿಗೆ ಅವರಪ್ಪನ ಮೂಗು ಬಂದಿತ್ತು. ನಾನು ಕೂಸಿನ ಕೆನ್ನೆ ಸವರಿ ಮುಂದೆ ಹೋದೆ. ಪುಟ್ಟಲಿಂಗಮ್ಮ ಒಂದು ತಟ್ಟೆ ಕಜ್ಜಾಯ ತಂದಳು.

“ಹೆಂಗೈತೆ ಹೇಳೆ,” ಎಂದಳು, ನನ್ನ ಹಣೆಯ ಮೇಲೆಯೇ ಕಣ್ಣಿಟ್ಟು.

“ಎಣ್ಣೆ ಕಮಟು ಹಿಡಿದೈತೆ,” ಎಂದೆ. “ಬೆಲ್ಲಾನೂ ಕಡ್ಮೆ.”

ಅವಳು ತಟ್ಟೆ ಕಿತ್ತುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು. “ನಾವೆಲ್ಲ ಬದುಕ್ಬಾರ್ದಾ ದೇವೀರಿ? ನಿಂಗೊಬ್ಳಿಗೇನಾ ನೆಪ್ಪಿರೋದು?” ಎಂದಳು. ಅವತ್ತಿನಿಂದ ಸಂತೆಗೂ ಹೋಗುವುದನ್ನು ಬಿಟ್ಟು, ಬಾಯಿಗೆ ಬೀಗ ಹಾಕಿಕೊಂಡೆ.

ಐದನೆಯ ತಿಂಗಳಲ್ಲಿ ನನ್ನ ಮಗ ಶಿವನಂಜ ಹೆಂಡತಿಯನ್ನು ಕರೆದುಕೊಂಡು ಊರಾಚೆಯ ಬಾಡಿಗೆ ಮನೆಗೆ ಹೋದ. ಕುಲುಮೆಗೆ ಗಿರಾಕಿ ಬರುವುದು ನಿಂತಿತ್ತು. ಅವನು ಕೇರಿಗೆ ಬೀಗ ಬಿದ್ದ ಮೇಲೆ ಹುಟ್ಟಿದವನು, ತೀರಿಕೊಂಡ ಅಪ್ಪನ ಮೇಲೆ ಪ್ರಾಣ ಇಟ್ಟವನು. ಹೋಗುವ ಮುನ್ನ ಗಂಟುಮೂಟೆಯನ್ನು ಗಾಡಿಗೆ ಹಾಕಿ ಒಳಗೆ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತ. ಅವನು ನನ್ನ ತಲೆಯನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ.

“ಅಪ್ಪ ಒಳ್ಳೇವ್ನಾಗಿದ್ನಾ ಅವ್ವ?”

ಊರಿನವರ ಪ್ರಶ್ನೆಗಳೆಲ್ಲ ಇದರ ಮುಂದೆ ಮಕ್ಕಳಾಟ. “ನಿಂಗೆ ಒಳ್ಳೇವ್ನಾಗಿದ್ದ,” ಎಂದೆ. ಅವನು ಈಗ ತಲೆಯೆತ್ತಿ ನನ್ನ ಕೂದಲು ನೋಡಿದ. ಅದು ಬಿಳಿಯಾಗಿಯೇ ಇತ್ತು. ಅವನಿಗೆ ಬೇಕಾಗಿದ್ದ ಉತ್ತರ ಅಷ್ಟಲ್ಲ. ಎದ್ದು ಗಾಡಿ ಹತ್ತಿದ, ಮತ್ತೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ.

ಕೇಳಿಕೆಗೆ ಹದಿನೈದು ದಿನ ಇರುವಾಗ ತೋಪೇಗೌಡ ಬಂದ. ಅವನಿಗೆ ಎಪ್ಪತ್ತೇಳು ವರ್ಷ, ನನ್ನ ಕೈಯ ಕೊನೆಯ ಕಪ್ಪು ಮಾಸಿ ಪುಟ್ಟಲಿಂಗಮ್ಮನ ಕಪ್ಪು ಮೇಲೆ ಬಂದಿತ್ತು. ಜಗುಲಿಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡ. ನನ್ನ ತಲೆಯನ್ನು ಮೆಚ್ಚಿದವನ ಹಾಗೆ ನೋಡಿದ. ಅರ್ಧ ಬಿಳಿ, ಅರ್ಧ ಕಪ್ಪು, ಕಿವಿಯ ಕೆಳಗಿನವರೆಗೆ ನರೆ ಬಂದಿತ್ತು.

“ನಿನ್ನ ತಡಿಯಾಕೆ ಬಂದಿಲ್ಲ ದೇವೀರಿ,” ಎಂದ. “ಹೇಳು. ಬೀಗ ಹಾಕಿದ್ದು ನಿನ್ ಗಂಡ ಅಂತ ಹೇಳು. ಹಾಕ್ಸಿದ್ದು ನಾನು ಅಂತ್ಲೂ ಹೇಳು, ನಂಗಿನ್ನೆಷ್ಟು ದಿನ ಐತೆ. ಆದ್ರೆ ಒಂದ್ ಮಾತು.” ಮೂಲೆಯ ಚೊಂಬಿನ ಕಡೆ ಕೋಲು ತೋರಿಸಿದ. “ಅದು ಯಾರ್ದು ಅಂತ ನಂಗೊತ್ತು. ಅವತ್ತು ನಾನು ಅರಳಿಕಟ್ಟೆ ಮೇಲೆ ಕೂತಿದ್ದೆ. ನೀನು ಬಗ್ಗಿದ್ದೂ ನೋಡ್ದೆ, ತಿರುಗಿ ಮನೇಗ್ ಹೋಗಿದ್ದೂ ನೋಡ್ದೆ. ಅದನ್ನ ಹೇಳ್ದಿದ್ರೆ ಸುಳ್ಳಾಗಲ್ಲ. ಸುಮ್ಕಿದ್ರೆ ಯಾವ ಕೂದ್ಲೂ ಕಪ್ಪಾಗಲ್ಲ. ಅದು ನೆಪ್ಪಿರ್ಲಿ.”

ಕೆಟ್ಟವನು ಹೇಳಿದ್ದೆಂದು ಬಿಟ್ಟುಬಿಡುವ ಹಾಗಿರಲಿಲ್ಲ. ಹೇಳದೆ ಉಳಿಸಿದ್ದು ಸುಳ್ಳಲ್ಲ, ನರೆಗೆ ಅದು ತಟ್ಟುವುದಿಲ್ಲ. ನಾನು ಆ ಹದಿನೈದು ದಿನವೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು ಅಭ್ಯಾಸ ಮಾಡಿದೆ. ಅಗುಳಿ, ಬೀಗ, ಯಜಮಾನ, ಹತ್ತು ದಿನ, ಗೋಡೆ, ಕಣ. ಚೊಂಬನ್ನು ಮಾತ್ರ ಪ್ರತಿ ಸಲವೂ ಬಿಟ್ಟೆ. ಚೆಲುವಿಗೆ ಬೇಕಾದದ್ದು ಅವ್ವ ಬಿಟ್ಟು ಹೋಗಲಿಲ್ಲ ಎಂಬುದಷ್ಟೇ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಕೇಳಿಕೆಯ ಬೆಳಿಗ್ಗೆ ಕತ್ತರಿ ತೆಗೆದುಕೊಂಡು ಕಪ್ಪು ತುದಿಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದೆ. ಉಳಿದದ್ದನ್ನು ಹಿಂದಕ್ಕೆ ಎಳೆದರೆ ನೆಲ್ಲಿಕಾಯಿಯಷ್ಟು ಗಂಟು ನಿಂತಿತು. ಕನ್ನಡಿಯಲ್ಲಿ ನಮ್ಮವ್ವನ ಮುಖ ಕಾಣಿಸಿತು. ಮೂವತ್ತೆರಡು ವರ್ಷದಲ್ಲಿ ನಾನು ಮುದುಕಿಯಾದದ್ದು ನನಗೂ ಅವತ್ತೇ ತಿಳಿದದ್ದು. ಹೊರಡುವಾಗ ಯಾಕೋ ಚೊಂಬನ್ನೂ ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

ಊರಿಗೆ ಊರೇ ನೆರೆದಿತ್ತು. ಇಬ್ಬರು ಹೆಂಗಸರು ನನ್ನ ಗಂಟು ಬಿಚ್ಚಿ, ಎಳೆ ಎಳೆ ಬಿಡಿಸಿ ನೋಡಿ, ಕರಿ ಇಲ್ಲ ಎಂದರು. ನಾನು ಹಾಸುಗಲ್ಲಿನ ಮೇಲೆ ಕೂತೆ. ಚೆಲುವಿ ನನ್ನೆದುರು ನಿಂತಿದ್ದಳು, ಸೆರಗಿಗೆ ಕಟ್ಟಿದ ಮಗು ಪಕ್ಕದಲ್ಲಿ. ಅವಳು ಏಳನೆಯ ಸಲ ತನ್ನ ಪ್ರಶ್ನೆ ಕೇಳಿದಳು. ಯಜಮಾನ ಕೂಗುವ ಮೊದಲೇ ನಾನು “ನಂಗೊತ್ತು” ಎಂದೆ.

ಅಭ್ಯಾಸ ಮಾಡಿದ್ದನ್ನೆಲ್ಲ ಹೇಳಿದೆ. ಗಂಡನ ಹೆಸರು ಹೇಳಿದೆ, ಗುಂಪಿನ ಅಂಚಿನಲ್ಲಿದ್ದ ಶಿವನಂಜ ತಿರುಗಿ ನಡೆದುಹೋದದ್ದನ್ನು ನೋಡಿದೆ. ತೋಪೇಗೌಡನ ಹೆಸರು ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಕೂತಿದ್ದ. ಯಾರೂ ಎದ್ದು ಹೋಗಲಿಲ್ಲ, ಎಲ್ಲರೂ ಅಲ್ಲೇ ಇದ್ದಾರೆ, ನಾವು ರಾಗಿ ಬಡಿಯುವ ಕಣದ ಕೆಳಗೆ, ಎಂದೆ. ಗುಂಪಿನಲ್ಲಿ ಯಾರೋ ಅಳತೊಡಗಿದರು. ಎಲ್ಲರ ಕಣ್ಣೂ ನನ್ನ ಕೂದಲ ಮೇಲಿತ್ತು, ಅದು ಹತ್ತಿಯ ಹಾಗೆ ಬೆಳ್ಳಗಿತ್ತು. ಅಲ್ಲಿಗೆ ಮುಗಿಸಿ ಏಳಬೇಕಿತ್ತು.

“ನೀವು ನಮ್ಮವ್ವನ್ನ ನೋಡಿದ್ರಾ?” ಎಂದು ಕೇಳಿದಳು ಚೆಲುವಿ. “ಬೀಗ ಹಾಕಿದ್ಮೇಲೆ?”

“ನೋಡ್ದೆ.”

“ಏನಂದ್ಲು?”

ನಾನು ಸುಮ್ಮನಿರಬಹುದಿತ್ತು. ಅದನ್ನೇ ಅಭ್ಯಾಸ ಮಾಡಿದ್ದೆ. ಆದರೆ ಅವಳು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು, ಮೂವತ್ತೆರಡು ವರ್ಷದ ಹಸಿವು ಆ ಕಣ್ಣುಗಳಲ್ಲಿತ್ತು. ಒಂದು ವರ್ಷ ಯಾರ ಕೂಸನ್ನೂ ಮುದ್ದಾಗಿದೆ ಎನ್ನದ ಬಾಯಿ, ಗೆಳತಿಯ ಕಜ್ಜಾಯವನ್ನು ಹೊಗಳದ ಬಾಯಿ, ಮಗನಿಗೂ ಸುಳ್ಳಾಡದ ಬಾಯಿ ಅಲ್ಲಿ ಸೋತಿತು.

“ನಿನ್ ಹೆಸ್ರು ಕೂಗಿದ್ಲು ಕಣವ್ವ,” ಎಂದೆ. “ಚೆಲುವಿ, ಚೆಲುವಿ ಅಂತ.”

ನನಗೆ ಏನೂ ತಿಳಿಯಲಿಲ್ಲ. ಕೂದಲು ಕಪ್ಪಾಗುವಾಗ ನೋವಾಗುವುದಿಲ್ಲ. ಎದುರಿನ ಮುಖಗಳು ಬದಲಾದದ್ದನ್ನು ನೋಡಿ ತಿಳಿಯಿತು. ಮುಂದಲೆಯಲ್ಲಿ ಎರಡು ಬೆರಳಗಲ ಎಂದು ಆಮೇಲೆ ಹೇಳಿದರು. ಅಳುತ್ತಿದ್ದವರು ನಿಲ್ಲಿಸಿದರು. ತೋಪೇಗೌಡ ಕಣ್ಣು ತೆರೆದ. ಅವನ ಮುಖದಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಬರೀ ದಣಿವಿತ್ತು.

“ಕಪ್ಪಾಯ್ತು,” ಎಂದ. “ಹೇಳಿದ್ದೆಲ್ಲ ಬಿತ್ತು.”

“ಅದೊಂದೇ ಸುಳ್ಳು!” ಎಂದು ಕೂಗಿದೆ. “ಮಿಕ್ಕಿದ್ದೆಲ್ಲ ನಿಜ, ಈಗ್ಲೂ ಹೇಳ್ತೀನಿ ಕೇಳಿ!” ಆದರೆ ಕರಿ ಎಳೆಯ ತಲೆ ಮತ್ತೆ ಹೇಳುವಂತಿಲ್ಲ, ಅದು ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು. ಯಜಮಾನ ಪದ್ಧತಿಯಂತೆ ಮೂರು ಸಲ ಕೂಗಿದ, ಏಳನೆಯ ಕೇಳಿಕೆಗೂ ಉತ್ತರವಿಲ್ಲ ಎಂದ. ಜನ ಚಾಪೆ ಮಡಿಚಿಕೊಂಡು ಎದ್ದರು. ಅವರ ಬೆನ್ನುಗಳಲ್ಲಿ ಎಂಥ ಹಗುರ! ಪುಟ್ಟಲಿಂಗಮ್ಮ ಹತ್ತಿರ ಬಂದು ನನ್ನ ಭುಜ ಮುಟ್ಟಿ, ಬರುವ ಶನಿವಾರ ಹಚ್ಚಿಕೊಡುತ್ತೇನೆ ಎಂದಳು. ಅದು ನಿಜವಾದ ಅಕ್ಕರೆಯೇ, ಅದಕ್ಕೇ ನನಗೆ ಇನ್ನಷ್ಟು ಅಳು ಬಂತು. ಬಾಚಣಿಗೆ ಕೇರಿಯ ಮಾತನ್ನು ಇನ್ನು ಈ ಊರಲ್ಲಿ ಯಾರೂ ಯಾವತ್ತೂ ಎತ್ತುವಂತಿಲ್ಲ. ಇಪ್ಪತ್ತಾರು ಮನೆಗಳನ್ನು ಎರಡನೆಯ ಸಲ ಹೂತದ್ದು ನಾನು, ಅದೂ ಒಂದು ಒಳ್ಳೆಯ ಮಾತಾಡಲು ಹೋಗಿ.

ಎಲ್ಲರೂ ಹೋದ ಮೇಲೆ ಚೆಲುವಿ ಹಾಸುಗಲ್ಲಿನ ಬಳಿ ಇನ್ನೂ ನಿಂತಿದ್ದಳು. ನಾನು ಸೆರಗು ಬಿಡಿಸಿ ಚೊಂಬನ್ನು ಅವಳ ಕೈಗಿಟ್ಟೆ. ಹೊಟ್ಟೆಯ ಮೇಲಿನ ಕಪ್ಪನ್ನು ಬರುವ ದಾರಿಯಲ್ಲಿ ಉಗುರಿನಿಂದ ಕೆರೆದಿದ್ದೆ, ಬಾಚಣಿಗೆಯ ಹಲ್ಲುಗಳು ಕಾಣುತ್ತಿದ್ದವು. ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಎರಡೂ ಕೈಯಿಂದ ನನ್ನ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿದಳು. ಮೂವತ್ತೊಂದು ವರ್ಷ ನಾನು ಊರಿನವರ ತಲೆಯನ್ನು ಬಿಡಿಸಿದ ಹಾಗೆ.

“ಈಗ ಹೇಳಿ,” ಎಂದಳು. “ಏನಂದ್ಲು?”

“ನೀರು ಅಂದ್ಲು.”

“ಆಮೇಲೆ?”

“ಚೊಂಬು ಕೊಟ್ಲು. ತರ್ತೀನಿ ಅಂದೆ. ಹೂಂ ಅಂದ್ಲು. ನಾನು ಚೊಂಬು ತಗೊಂಡು ಮನೇಗೋದೆ. ತಿರುಗಿ ಬರ್ಲಿಲ್ಲ.”

ಅವಳ ಬೆರಳುಗಳು ನನ್ನ ನೆತ್ತಿಯ ಮೇಲೆ ನಿಂತವು. ಕೂದಲನ್ನು ಕಿತ್ತುಬಿಡುತ್ತಾಳೆ ಎಂದುಕೊಂಡೆ. ಕಿತ್ತರೆ ಕೀಳಲಿ ಎನಿಸಿತು.

“ನನ್ ಹೆಸ್ರು ಹೇಳ್ಲೇ ಇಲ್ವಾ?”

“ಇಲ್ಲ ಕಣವ್ವ.”

ಅವಳು ನೋಡಿದಳು. ಬಲಗಡೆ, ಎಡಗಡೆ, ಕುತ್ತಿಗೆಯ ಹತ್ತಿರ. ಮುಂದಲೆಯ ಆ ಎರಡು ಬೆರಳಗಲ ಬಿಟ್ಟರೆ ಎಲ್ಲ ಬಿಳಿಯಾಗಿಯೇ ಇದ್ದಿರಬೇಕು.

“ತರ್ತೀನಿ ಅಂದಿದ್ದಕ್ಕೆ ಹೂಂ ಅಂದ್ಲು,” ಎಂದಳು ತನಗೆ ತಾನೇ. “ಹಂಗಾದ್ರೆ ಅಲ್ಲೇ ಕಾಯ್ತಿದ್ಲು.”

“ಕಾಯ್ತಿದ್ಲು.”

“ಎಲ್ಲೂ ಹೋಗಿರ್ಲಿಲ್ಲ.”

“ಎಲ್ಲೂ ಹೋಗಿರ್ಲಿಲ್ಲ.”

ಮತ್ತೊಮ್ಮೆ ನೋಡಿದಳು. ನನ್ನ ತಲೆಯಿಂದ ಕೈ ತೆಗೆದಳು. ನಾನು ಅವಳ ಕಾಲು ಹಿಡಿಯಬೇಕೆಂದು ಬಗ್ಗಿದೆ, ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ನೆಲದ ಮೇಲೆ ಕೂತು ಮಗುವಿನ ಲಾಡಿಯ ಗಂಟಿಗೆ ಕೈ ಹಾಕಿದಳು. ಉಗುರಿಗೆ ಬಗ್ಗದೆ ಹಲ್ಲಿನಿಂದ ಕಚ್ಚಿ ಎಳೆದಳು. ಬಹಳ ಹೊತ್ತು ಹಿಡಿಯಿತು. ಬಿಚ್ಚಿಕೊಂಡ ಸೆರಗು ಕೆಳಗೆ ಬಿದ್ದಾಗ ಮಗು ಹೆದರಿ ಅವಳ ಕುತ್ತಿಗೆಯನ್ನು ತಬ್ಬಿಕೊಂಡಿತು. ಅವಳು ಅದರ ಕೈಗಳನ್ನು ಬಿಡಿಸಿ ಚೊಂಬನ್ನು ಕೊಟ್ಟಳು.

“ಕೆರೇಲಿ ನೀರು ತುಂಬ್ಕೊಂಡ್ ಬಾ. ಮೆಟ್ಲ ಹತ್ರಾನೇ ಮೊಗ್ಕೋ,” ಎಂದಳು. “ನಿಮ್ಮಜ್ಜೀಗೆ ಹುಯ್ಯೋಣ.”

ಮಗು ನಾಲ್ಕು ಹೆಜ್ಜೆ ನಡೆದು ನಿಂತಿತು, ತಿರುಗಿ ನೋಡಿತು. ಚೆಲುವಿ ಹೋಗು ಎಂದು ಕೈ ಬೀಸಿದಳು. ಅದು ಏರಿಯನ್ನು ಹತ್ತಿತು, ಮೇಲೆ ನಿಂತು ಮತ್ತೊಮ್ಮೆ ನೋಡಿ ಆಚೆ ಇಳಿದು ಕಾಣದಾಯಿತು. ಚೆಲುವಿ ನನ್ನ ಕಡೆಗೆ ನೋಡಲಿಲ್ಲ. ಕಣದ ಅಂಚಿಗೆ, ಹಿಂದೆ ಕೇರಿಯ ಬಾಗಿಲು ಇದ್ದ ಕಡೆಗೆ ನಡೆದು, ಸೆರಗಿನ ಸುಕ್ಕು ಹಿಡಿದ ತುದಿಯನ್ನು ಎರಡೂ ಕೈಯಲ್ಲಿ ಹಿಂಡಿಕೊಂಡು ಏರಿಯನ್ನೇ ನೋಡುತ್ತ ನಿಂತಳು. ಬಿಸಿಲು ಏರುತ್ತಿತ್ತು. ಅವಳು ಎರಡು ಸಲ ಬಾಯಿ ತೆರೆದಳು, ಕೂಗಲಿಲ್ಲ. ನಾನು ಕಲ್ಲಿನ ಮೇಲೆ ಕೂತೇ ಇದ್ದೆ, ಅವಳ ಜೊತೆ ನಾನೂ ಕಾದೆ. ಆಮೇಲೆ ಏರಿಯ ಮೇಲೆ ಮಗುವಿನ ತಲೆ ಕಾಣಿಸಿತು. ಎರಡೂ ಕೈಯಲ್ಲಿ ಚೊಂಬನ್ನು ಹಿಡಿದು, ಲಂಗದ ಮೇಲೆಲ್ಲ ತುಳುಕಿಸಿಕೊಂಡು, ಅದು ವಾಪಸು ಬಂತು.